ಮಕ್ಕಳ ಸಾಲಿನ ಉಸಿರುಗೋಡೆ

ಕಲ್ಲುಗುಂಡಿ ತಂಪುಕೇರಿ,
ಇಳಿಗಾಲದ ಎರಡನೆಯ ವಾರ,
ನಿಮ್ಮ ಎಣಿಕೆಯಲ್ಲಿ ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು.

ಮದುವೆ ಛತ್ರದ ಹಿಂಬಾಗಿಲಲ್ಲಿ ನಿಂತು ಉಳಿದ ಊಟವನ್ನು ಚೀಲಕ್ಕೆ ತುಂಬಿ ಕಳಿಸಿದವರಿಗೆ,

ನಿಮ್ಮ ಹೆಸರು ನನಗೆ ತಿಳಿಯದು. ನೀವು ಎಲೆ ಎತ್ತುವ ಕೆಲಸದವರೋ, ಮದುವೆ ಮಾಡಿದ ಮನೆಯವರೋ, ಅದೂ ತಿಳಿಯದು. ಆ ಊಟದಲ್ಲಿ ಏನೇನಿತ್ತು ಎಂಬುದು ಮಾತ್ರ ಗೊತ್ತು. ಈ ಪತ್ರ ಹಿಂದಕ್ಕೆ ನಡೆದು ನಿಮ್ಮ ಕೈ ಸೇರುವುದಿಲ್ಲ ಎಂಬುದೂ ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದರಲ್ಲಿ ನೀವು ಕೇಳಿರದ ಮಾತುಗಳು ಬರುತ್ತವೆ. ಆ ವಸ್ತುಗಳು ನಿಮ್ಮ ಕಾಲದಲ್ಲಿ ಇರಲಿಲ್ಲವಾದ್ದರಿಂದ ಅವುಗಳಿಗೆ ಹೆಸರಿಡುವ ಅಗತ್ಯ ನಿಮಗೆ ಬಿದ್ದಿರಲಿಲ್ಲ. ಬಂದ ಕಡೆ ಬಿಡಿಸಿ ಹೇಳುತ್ತೇನೆ. ಕಿವಿಗೆ ಒರಟಾಗಿ ಕೇಳಿಸಿದರೆ ಮನ್ನಿಸಿ.

ನನ್ನ ಹೆಸರು ಮುನಿರತ್ನ. ಈ ಕೇರಿಯ ಒಲೆ ನೋಡಿಕೊಳ್ಳುವವಳು. ನನಗಿಂತ ಮೊದಲು ಆ ಕೆಲಸ ನಮ್ಮಮ್ಮ ಅಕ್ಕಯ್ಯಮ್ಮನದು.

ಇಲ್ಲಿ ಫಾಲ್ಗುಣ ಕಳೆಯುವ ಹೊತ್ತಿಗೆ ನೆಲದ ಮೇಲೆ ಬದುಕುವುದು ಆಗದ ಮಾತು. ಹಗಲು ಹೊರಗೆ ನಿಂತ ಎಮ್ಮೆ ನಿಂತಲ್ಲೇ ಕುಸಿಯುತ್ತದೆ. ಆದ್ದರಿಂದ ಆಷಾಢದ ಗಾಳಿ ಬೀಸುವ ತನಕ ಊರಿಗೆ ಊರೇ ಕೆಳಗಿಳಿಯುತ್ತದೆ. ಇದನ್ನೇ ಇಳಿಗಾಲ ಎನ್ನುತ್ತೇವೆ. ನೀವು ಮನೆ ಕಟ್ಟಲು ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗೆ ಚಾವಣಿ ಹಾಕಿ, ಬಂಡೆಯ ಪಕ್ಕೆಗಳಲ್ಲಿ ಸಾಲು ಸಾಲಾಗಿ ಕೋಣೆ ಕೊರೆದುಕೊಂಡಿದ್ದೇವೆ. ಇದು ತಂಪುಕೇರಿ. ಹೆಂಗಸರಿಗೊಂದು ಸಾಲು, ಗಂಡಸರಿಗೊಂದು, ಬಾಣಂತಿಯರಿಗೊಂದು. ಎಲ್ಲಕ್ಕಿಂತ ಒಳಗೆ, ಎಲ್ಲಕ್ಕಿಂತ ತಣ್ಣಗಿರುವುದು ಮಕ್ಕಳ ಸಾಲು. ಬೆಳಗಿನ ಜಾವ ಮೇಲೆ ಹೋಗಿ ರಾಗಿ, ಹುರುಳಿ, ಸೊಪ್ಪು ನೋಡಿಕೊಂಡು ಬರುತ್ತೇವೆ. ಬಿಸಿಲೇರಿದ ಮೇಲೆ ಬಾಗಿಲು ಹಾಕಿಕೊಂಡು ಮಲಗುತ್ತೇವೆ.

ಬಾಗಿಲು ಹಾಕಿದ ಮೇಲೆ ನಮಗೆ ಇರುವ ಭಯ ನಮ್ಮ ಉಸಿರಿನದೇ. ನೀವು ಇಂಗಾಲದ ಡೈಆಕ್ಸೈಡ್ ಎನ್ನುತ್ತಿದ್ದುದನ್ನು ನಾವು ಬಿಟ್ಟುಸಿರು ಎನ್ನುತ್ತೇವೆ. ಅಷ್ಟು ಜನ ಒಂದೇ ಗುಹೆಯಲ್ಲಿ ಮಲಗಿ ಉಸಿರು ಬಿಟ್ಟರೆ ಅದು ನೀರಿನಂತೆ ತಗ್ಗಿಗೆ ಇಳಿಯುತ್ತದೆ. ಮೊದಲು ತಲೆ ಭಾರವಾಗುತ್ತದೆ, ಆಮೇಲೆ ತೂಕಡಿಕೆ, ಆಮೇಲೆ ಎಚ್ಚರವಾಗದ ನಿದ್ದೆ. ಅದನ್ನು ಹಿಡಿದಿಡಲು ಪ್ರತಿ ಸಾಲಿನ ತುದಿಗೂ ಒಂದು ಉಸಿರುಗೋಡೆ ಇದೆ. ಜಾಲರಿಯ ಹಲಗೆಗಳಲ್ಲಿ ಇದ್ದಿಲಿನ ಬಿಲ್ಲೆ ಜೋಡಿಸಿ ಕಟ್ಟಿದ ಗೋಡೆ ಅದು. ಫ್ಯಾನುಗಳು ಕೋಣೆಯ ಗಾಳಿಯನ್ನು ಅದರೊಳಗೆ ಹಾಯಿಸುತ್ತವೆ. ಇದ್ದಿಲಿನ ಕಣ್ಣಿಗೆ ಕಾಣದ ತೂತುಗಳಲ್ಲಿ ಬಿಟ್ಟುಸಿರು ಸಿಕ್ಕಿಬೀಳುತ್ತದೆ. ತುಂಬಿದ ಹಲಗೆಯನ್ನು ರಾಟೆಯಿಂದ ಮೇಲಕ್ಕೆಳೆದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಿಸಿಲಿಗೆ ಕಾಯಿಸಿದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಅದನ್ನು ಸುಣ್ಣದ ತೊಟ್ಟಿಗೆ ಹಾಯಿಸಿ ಗಟ್ಟಿ ಮಾಡಿಬಿಡುತ್ತೇವೆ. ಹಗುರವಾದ ಹಲಗೆ ಮತ್ತೆ ಕೆಳಗೆ ಬರುತ್ತದೆ. ಹೀಗೆ ಕೆಲವು ವರ್ಷ ನಡೆಯುತ್ತದೆ. ಆಮೇಲೆ ಬಿಲ್ಲೆಗಳು ಪುಡಿಯಾಗಿ ಉದುರುತ್ತವೆ, ಹೊಸದು ಬೇಕಾಗುತ್ತದೆ.

ಆ ಇದ್ದಿಲಾಗುವುದು ನಿಮ್ಮ ಎಂಜಲು. ಹುಲ್ಲು, ಹೊಟ್ಟು, ಕಟ್ಟಿಗೆಯಿಂದಲೂ ಇದ್ದಿಲು ಮಾಡಬಹುದು, ಆದರೆ ಅದರ ಹಿಡಿತ ಕಡಿಮೆ. ಬೇಳೆ, ಹಾಲು, ಮಾಂಸ ಬೆರೆತ ಊಟವನ್ನು ಒಣಗಿಸಿ, ಬಾಯಿ ಮುಚ್ಚಿದ ಒಲೆಯಲ್ಲಿ ಗಾಳಿಯಾಡದಂತೆ ಬೇಯಿಸಿ, ಬೂದಿನೀರಿನಲ್ಲಿ ನೆನೆಸಿ ಮತ್ತೊಮ್ಮೆ ಬೇಯಿಸಿದರೆ ಆಗುವ ಇದ್ದಿಲು ಬಿಟ್ಟುಸಿರನ್ನು ಬಿಡದೆ ಕಚ್ಚಿಕೊಳ್ಳುತ್ತದೆ. ಅಂಥ ಎಂಜಲು ನಮ್ಮಲ್ಲಿ ಇಲ್ಲ. ಸೊಪ್ಪು ಬಸಿದ ನೀರು ಸಾರಾಗುತ್ತದೆ, ಹೀರೇಕಾಯಿ ಸಿಪ್ಪೆ ಚಟ್ನಿಯಾಗುತ್ತದೆ, ಮುದ್ದೆಯ ಪಾತ್ರೆಯ ತಳ ಹತ್ತಿದ್ದಕ್ಕೆ ಮಕ್ಕಳು ಜಗಳವಾಡುತ್ತಾರೆ. ಆದ್ದರಿಂದ ನಿಮ್ಮದನ್ನು ಅಗೆಯುತ್ತೇವೆ. ನಾವು ವಾಸಿಸುವ ಕ್ವಾರಿಯ ಪಕ್ಕದಲ್ಲೇ ಇನ್ನೊಂದು ಕ್ವಾರಿ ಇದೆ. ದೊಡ್ಡ ಊರಿನ ಕಸವನ್ನು ಲಾರಿಗಳಲ್ಲಿ ತಂದು ನೀವು ಅದನ್ನು ತುಂಬಿಸಿದಿರಿ, ತುಂಬಿದ ಮೇಲೂ ಸುರಿದು ಬೆಟ್ಟ ಮಾಡಿದಿರಿ. ಅದು ನಮ್ಮ ಎಂಜಲುಗಣಿ. ಗಾಳಿ ನೀರು ಸೋಕದ ಆಳದಲ್ಲಿ, ಚೀಲದೊಳಗೆ, ನಿಮ್ಮ ಊಟ ಕೊಳೆಯದೆ ಕಪ್ಪಾಗಿ ಕೂತಿದೆ. ಚಪಾತಿಯ ಮಡಿಕೆ ಹಾಗೇ ಇರುತ್ತದೆ. ಹುರುಳಿಕಾಯಿಯ ತುಂಡು ಗುರುತಾಗುತ್ತದೆ. ಮಗುವೊಂದು ಕಚ್ಚಿ ಬಿಟ್ಟ ಲಾಡಿನ ಮೇಲೆ ಹಲ್ಲಿನ ಗುರುತು ಇದ್ದುದನ್ನು ನಾನೇ ನೋಡಿದ್ದೇನೆ.

ನಮ್ಮಕ್ಕ ಗಂಗರತ್ನ ಆ ಗಣಿಯಲ್ಲಿ ಅಗೆಯುತ್ತಿದ್ದಳು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವಳೇ ಮನೆಗೆ ಗಂಡುದಿಕ್ಕಾಗಿದ್ದಳು. ಉದ್ದನೆಯ ಹುಡುಗಿ. ಹರಳೆಣ್ಣೆ ಹಚ್ಚಿದ ತಲೆಗೆ ಚೌಕಳಿ ವಸ್ತ್ರ ಬಿಗಿದು ಕಟ್ಟುತ್ತಿದ್ದಳು. ಉಳಿದವರಿಗೆ ಅದು ಬರೀ ಅಗೆಯುವ ಕೆಲಸ. ಅವಳಿಗೆ ಅದು ನಿಮ್ಮ ಮನೆಗಳಿಗೆ ಹೋಗಿ ಬರುವ ದಾರಿ. ಬೆಳಿಗ್ಗೆ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದುಕೊಂಡು, ಮುದ್ದೆ ಮುರಿಯುತ್ತಾ ಅವತ್ತು ಕಂಡಿದ್ದನ್ನು ಹೇಳುತ್ತಿದ್ದಳು. ಒಂದೇ ಊಟದ ಎಲೆಗಳು ಗಣಿಯಲ್ಲಿ ಪದರವಾಗಿ ಸಿಕ್ಕರೆ ಅಗೆಯುವವರು ಅದನ್ನು ಮದುವೆ ಎಂದು ಕರೆಯುತ್ತಾರೆ.

"ಅಮ್ಮಾ, ಇವತ್ತು ಒಂದ್ ಮದ್ವೆ ಸಿಕ್ತು" ಎಂದಳು ಒಂದು ದಿನ.

"ಜೋರಾಗೇ ಮಾಡವ್ರಾ?"

"ಜೋರೇ. ಪಡುವಣ ಮಗ್ಗುಲಲ್ಲಿ ಕೈ ಹಾಕಿದ್ ಕಡೆಯೆಲ್ಲಾ ಅದೇ. ಎಲೆ ತುಂಬ ಬಡ್ಸಿಸ್ಕೊಂಡು ಅರ್ಧಕ್ಕೇ ಎದ್ದವ್ರೆ. ಜಾಮೂನು ಮುಟ್ಟೇ ಇಲ್ಲ ಕಣಮ್ಮ."

"ಯಾಕಂತೆ?"

"ಹೊಟ್ಟೆ ತುಂಬಿತ್ತೇನೋ."

"ಹೊಟ್ಟೆ ತುಂಬಿದ್ಮೇಲೆ ಯಾಕೆ ಬಡ್ಸಿಸ್ಕೊಂಡ್ರು?"

ಅಮ್ಮ ಹಂಗಿಸಲು ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ನಿಮ್ಮ ಮೇಲೆ ಅಕ್ಕನಿಗೆ ಸಿಟ್ಟಿರಲಿಲ್ಲ. ನೀವು ಉಂಡಿದ್ದನ್ನು ಕೇಳಿ ಕೇಳಿಯೇ ನನಗೆ ಮದುವೆ ಎಂದರೆ ಏನೆಂದು ಗೊತ್ತಾದದ್ದು.

ಆ ವರ್ಷ ಮಾಘದಲ್ಲಿ ಬರಬಾರದ ಮಳೆ ಬಂತು. ಮಕ್ಕಳ ಸಾಲಿನ ಗೋಡೆಗೆ ಹೊಸ ಬಿಲ್ಲೆ ತುಂಬುವುದು ಇನ್ನೂ ಬಾಕಿಯಿತ್ತು, ಹಳೆಯದು ಪುಡಿಯಾಗಿ ಉದುರತೊಡಗಿತ್ತು. ಬಿಸಿಲು ಬಲಿಯುವ ಮೊದಲು ಆ ಮದುವೆಯನ್ನು ತೆಗೆದುಬಿಡಬೇಕೆಂದು ಅಗೆಯುವವರೆಲ್ಲ ಪಡುವಣ ಮಗ್ಗುಲಿಗೇ ಬಿದ್ದರು. ಮಳೆನೀರು ಕುಡಿದ ಬೆಟ್ಟ ಒಂದು ಬೆಳಿಗ್ಗೆ ಸದ್ದಿಲ್ಲದೆ ಜಾರಿತು. ಕೆಳಗಿದ್ದ ಉಳಿದವರನ್ನೆಲ್ಲ ಎಳೆದು ತೆಗೆದರು. ಅಕ್ಕ ಸಿಗಲಿಲ್ಲ. ಕೆದಕಿದಷ್ಟೂ ಮೇಲಿನಿಂದ ಮತ್ತೆ ಜಾರುತ್ತಿತ್ತು, ಒಳಗಿನಿಂದ ಕೆಟ್ಟ ಗಾಳಿ ಬಂದು ಜನ ತಲೆ ತಿರುಗಿ ಬೀಳುತ್ತಿದ್ದರು. ಕೊನೆಗೆ ಕೇರಿಯ ಯಜಮಾನಿ ಮೆಹರುನ್ನಿಸಾ ಅಗೆತ ನಿಲ್ಲಿಸಿ ಆ ಮಗ್ಗುಲಿಗೆ ಸುಣ್ಣದ ಗೆರೆ ಎಳೆಸಿದರು. ಮನುಷ್ಯರು ಉಳಿದುಹೋದ ಮಗ್ಗುಲನ್ನು ಮತ್ತೆ ಮುಟ್ಟಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಅಮ್ಮ ಗೆರೆಯ ಈಚೆ ನಿಂತು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಅಕ್ಕ ಕೆಲಸ ಮುಗಿಸಿ ಬರುವುದನ್ನು ಕಾಯುವವಳ ಹಾಗೆ ನಿಂತಿದ್ದಳು.

ಬಿಸಿಲು ಕಾಯಲಿಲ್ಲ. ಹಳೆಯ ಗೋಡೆಯನ್ನೇ ನಂಬಿ ಕೆಳಗಿಳಿದೆವು. ನಾನು ಆಗ ಮಕ್ಕಳ ಸಾಲಿನಲ್ಲಿ ಮಲಗುತ್ತಿದ್ದೆ. ಮೊದಲ ವಾರ ಎಲ್ಲರಿಗೂ ತಲೆನೋವು. ಆಮೇಲೆ ಮಕ್ಕಳು ಆಟದ ಮಧ್ಯೆ ಕೂತಲ್ಲೇ ತೂಕಡಿಸತೊಡಗಿದರು. ಒಂದು ಸಂಜೆ ಎಬ್ಬಿಸಲು ಬಂದಾಗ ನಾನು ಏಳಲಿಲ್ಲ. ಅದು ನನಗೆ ನೆನಪಿಲ್ಲ, ಅಮ್ಮ ಆಮೇಲೆ ಹೇಳಿದ್ದು. ಕೆನ್ನೆಗೆ ಹೊಡೆದರಂತೆ, ನೀರು ಚಿಮುಕಿಸಿದರಂತೆ. ಅಮ್ಮ ನನ್ನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ, ಇನ್ನೂ ಕುದಿಯುತ್ತಿದ್ದ ಬಯಲಿಗೆ ತಂದು ಮಲಗಿಸಿದಳು. ಬಂಡೆಯ ಬಿಸಿಗೆ ಅವಳ ಅಂಗಾಲು ಸುಟ್ಟು ಬೊಬ್ಬೆಯೆದ್ದವು. ನಾನು ಕೆಮ್ಮಿ ಕಣ್ಣು ಬಿಟ್ಟೆ. ಮಕ್ಕಳನ್ನೆಲ್ಲ ಬೇರೆ ಸಾಲುಗಳಿಗೆ ಹಂಚಿದರು. ಆದರೆ ಆ ಗೋಡೆಗಳು ಇದ್ದ ಜನಕ್ಕೇ ಸಾಲುತ್ತಿರಲಿಲ್ಲ. ಎಲ್ಲರೂ ಅರೆನಿದ್ದೆಯಲ್ಲಿ ನಡೆದಾಡುವಂತಾಯಿತು.

ಮಾರನೆಯ ಮುಂಜಾನೆ ಮೆಹರುನ್ನಿಸಾ ನಮ್ಮ ಕೋಣೆಗೆ ಬಂದರು. ನಾನು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ, ಕೇಳಿಸಿಕೊಳ್ಳುತ್ತಿದ್ದೆ. ಅವರು ಕೂತರು, ಅಮ್ಮನ ಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರು, ಮತ್ತೆ ಕಟ್ಟಿದರು.

"ಬೂಬಮ್ಮ, ಕೇಳಕ್ಕೆ ಬಂದಿದ್ದೀರ, ಕೇಳ್ಬಿಡಿ" ಎಂದಳು ಅಮ್ಮ.

"ನಂಗೆ ಬಾಯಿ ಬರ್ತಿಲ್ಲ ಅಕ್ಕಯ್ಯಮ್ಮ."

"ಬೇರೆ ಮಗ್ಗುಲಲ್ಲಿ ಏನೂ ಇಲ್ವಾ?"

"ಬಟ್ಟೆ, ಗಾಜು, ಮಣ್ಣು. ಅನ್ನ ಇರೋದು ಅದೊಂದೇ ಕಡೆ."

ಅಮ್ಮನ ಕೈ ನನ್ನ ತಲೆಯ ಮೇಲೆ ಆಡುತ್ತಿದ್ದದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಡತೊಡಗಿತು.

"ಅಗೀರಿ" ಎಂದಳು. "ಆದ್ರೆ ಅಲ್ಲಿಂದ ಬಂದಿದ್ದೆಲ್ಲಾ ನನ್ನ ಕೈ ಮೇಲೇ ಹೋಗ್ಬೇಕು. ಒಲೆ ಹತ್ರ ಇನ್ನೊಬ್ರು ಬರ್ಕೂಡ್ದು."

"ನಿನ್ನ ಕೈಲಿ ಆಯ್ತದಾ?"

"ಇನ್ನೊಬ್ರ ಕೈಗೆ ಬಿಡಕ್ಕೆ ನನ್ನ ಕೈಲಾಗಲ್ಲ."

ಸುಣ್ಣದ ಗೆರೆಯನ್ನು ಮೆಹರುನ್ನಿಸಾ ತಮ್ಮ ಕಾಲಿಂದಲೇ ಅಳಿಸಿದರು ಎಂದು ಆಮೇಲೆ ಕೇಳಿದೆ. ಮಳೆನೀರು ಆರಿ ಬೆಟ್ಟ ಗಟ್ಟಿಯಾಗಿತ್ತು, ಮತ್ತೆ ಜಾರಲಿಲ್ಲ. ಅಗೆಯುವವರು ಮುಂಜಾನೆ ಬುಟ್ಟಿಗಳನ್ನು ತಂದು ಒಲೆಮನೆಯ ಬಾಗಿಲಲ್ಲಿಟ್ಟು, ಅಮ್ಮನ ಮುಖ ನೋಡದೆ ಹೋಗುತ್ತಿದ್ದರು. ಅಮ್ಮ ಕುಂಟುತ್ತಾ ಒಂದೊಂದನ್ನೂ ಒಳಗೆಳೆದುಕೊಂಡು, ಗೋಣಿತಟ್ಟಿನ ಮೇಲೆ ಸುರಿದು, ಚೀಲಗಳನ್ನು ಬಿಚ್ಚಿ ಬೇರ್ಪಡಿಸುತ್ತಿದ್ದಳು. ಎಲೆ ಒಂದು ಕಡೆ, ಪ್ಲಾಸ್ಟಿಕ್ಕು ಒಂದು ಕಡೆ, ಅನ್ನ ಪಲ್ಯ ಹೋಳಿಗೆ ಒಂದು ಕಡೆ. ನಿಮ್ಮ ಮದುವೆಯಲ್ಲಿ ಬಾಡೂಟವೂ ಇತ್ತು. ಆದ್ದರಿಂದ ಮೂಳೆಗಳೂ ಬಹಳ ಇದ್ದವು. ಪ್ರತಿಯೊಂದನ್ನೂ ಅಮ್ಮ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಒಮ್ಮೆ ಅದನ್ನು ಕಂಡೆ, ಆಮೇಲೆ ಅತ್ತ ಹೋಗಲಿಲ್ಲ.

ಒಂದು ದಿನ ಅಮ್ಮ ಒಲೆಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಊಟಕ್ಕೆ ಬರಲಿಲ್ಲ, ಕರೆದರೆ ಓ ಎನ್ನಲಿಲ್ಲ. ಮೇಲೆ ಒಲೆಯ ಕೊಳವೆಯಿಂದ ತೆಳುವಾದ ಹೊಗೆ ಬರುತ್ತಿದೆ ಎಂದು ಯಾರೋ ಬಂದು ಹೇಳಿದರು. ಸಂಜೆ ಬಾಗಿಲು ತೆರೆಯಿತು. ಅಮ್ಮ ತಲೆಗೆ ನೀರು ಹಾಕಿಕೊಂಡಿದ್ದಳು, ಒದ್ದೆ ಸೀರೆಯಲ್ಲೇ ನಿಂತಿದ್ದಳು. ಹೊರಗೆ ಕಾಯುತ್ತಿದ್ದ ಮೆಹರುನ್ನಿಸಾಗೆ, "ಸಾಕು, ಗೋಡೆಗೆ ಆಗೋಷ್ಟು ಆಗೈತೆ. ಇನ್ನು ಅಗೀಬ್ಯಾಡಿ" ಎಂದಳು. ಅಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ತಾವೂ ತಲೆಗೆ ನೀರು ಹಾಕಿಕೊಂಡು ಬಂದರು. ಯಾರೂ ಏನನ್ನೂ ಕೇಳಲಿಲ್ಲ. ಅಮ್ಮ ಅಲ್ಲಿ ಏನು ಕಂಡಳು, ಏನು ಮಾಡಿದಳು ಎಂಬುದನ್ನು ತಾನಾಗಿ ಹೇಳಲೂ ಇಲ್ಲ.

ಹೊಸ ಬಿಲ್ಲೆಗಳನ್ನು ಮಕ್ಕಳ ಸಾಲಿನ ಗೋಡೆಗೆ ತುಂಬಿದರು. ತಲೆನೋವು ಹೋಯಿತು. ಮಕ್ಕಳು ಮಲಗಿದರು, ಎದ್ದರು, ಮತ್ತೆ ಜಗಳವಾಡಿದರು. ನನ್ನ ಹಾಸಿಗೆ ಗೋಡೆಯ ಪಕ್ಕದಲ್ಲಿತ್ತು. ಫ್ಯಾನು ತಿರುಗುವಾಗ ಗಾಳಿ ಬಿಲ್ಲೆಗಳ ಸಂದಿಯಲ್ಲಿ ಹಾಯ್ದು ಬರುತ್ತಿತ್ತು. ನಿಧಾನವಾಗಿ ಎಳೆದುಕೊಂಡು, ಸ್ವಲ್ಪ ತಡೆದು, ಬಿಡುವ ಸದ್ದು. ಅದು ಫ್ಯಾನಿನ ರೆಕ್ಕೆ ಸವೆದಿದ್ದರಿಂದ ಆಗುತ್ತಿದ್ದ ಸದ್ದು ಎಂದು ಈಗ ಒಲೆಯವಳಾಗಿ ನನಗೆ ಗೊತ್ತು. ಚೆನ್ನಾಗಿ ಬೆಂದ ಇದ್ದಿಲಿಗೆ ಯಾವ ವಾಸನೆಯೂ ಇರುವುದಿಲ್ಲ ಎಂದೂ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಆ ಗೋಡೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಅಮ್ಮ ಮಧ್ಯಾಹ್ನ ನನಗೆ ಹೊದಿಸಲು ಬಂದವಳು ಗೋಡೆಯ ಕಡೆ ತಿರುಗಿ ಕೂತು, "ಇವತ್ತು ಹುರುಳಿ ಸಾರು ಮಾಡಿದ್ದೆ. ಉಪ್ಪು ಒಂದ್ಚೂರು ಮುಂದಾಗಿತ್ತು" ಎಂದು ಮೆಲ್ಲಗೆ ಹೇಳುತ್ತಿದ್ದಳು. ನಾನು ನಿದ್ದೆ ಬಂದವಳಂತೆ ಮಲಗಿರುತ್ತಿದ್ದೆ. ಅಕ್ಕ ಅಮ್ಮನಿಗೆ ನಿಮ್ಮ ಊಟಗಳ ಸುದ್ದಿ ಹೇಳುತ್ತಿದ್ದಳು. ಈಗ ಅಮ್ಮ ಅಕ್ಕನಿಗೆ ನಮ್ಮ ಊಟದ ಸುದ್ದಿ ಹೇಳುತ್ತಿದ್ದಳು.

ವರ್ಷಗಳು ಹೋದವು. ಬಿಲ್ಲೆಗಳು ಸವೆದರೂ ಆ ಗೋಡೆಯ ಹಳೆಯ ಪುಡಿಯನ್ನು ಎಸೆಯಲು ಅಮ್ಮ ಬಿಡಲಿಲ್ಲ. ಹೊಸ ಇದ್ದಿಲಿನ ಜೊತೆ ಕಲಸಿ ಮತ್ತೆ ಬಿಲ್ಲೆ ತಟ್ಟಿ ಅಲ್ಲಿಗೇ ಸೇರಿಸುತ್ತಿದ್ದಳು. ನಾನು ಅವಳಿಂದ ಒಲೆ ಕಲಿತೆ. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಕಳೆದ ವರ್ಷ, ಇಳಿಗಾಲ ಇನ್ನೇನು ಶುರುವಾಗಬೇಕು ಎನ್ನುವಾಗ, ಅಮ್ಮ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು, "ನನ್ನ ಮಣ್ಣಿಗೆ ಹಾಕ್ಬ್ಯಾಡ. ಒಲೆಗೆ ಹಾಕು. ಆಮೇಲೆ ಆ ಗೋಡೆಗೆ" ಎಂದಳು. ನಾನು ಅವಳ ಹೊದಿಕೆ ಎಳೆದು ಸರಿಮಾಡಿದೆ. "ಅವ್ಳೊಬ್ಳೇ ಅವ್ಳೆ ಕಣೆ ಅಲ್ಲಿ" ಎಂದಳು. ಅಕ್ಕನ ಬಗ್ಗೆ ಅವಳು ಬಾಯಿಬಿಟ್ಟು ಹೇಳಿದ್ದು ಅದೊಂದೇ ಮಾತು.

ಅಮ್ಮ ತೀರಿಕೊಂಡ ದಿನ ಕೇರಿಯವರು ಒಪ್ಪಲಿಲ್ಲ. ಮನುಷ್ಯರನ್ನು ಗೋಡೆಗೆ ತುಂಬುವುದು ಎಲ್ಲಾದರೂ ಉಂಟೆ, ಮಕ್ಕಳು ಮಲಗುವ ಜಾಗ ಅದು, ಎಂದರು. ನನಗೂ ಅದು ಸರಿಯೆಂದೇ ಅನ್ನಿಸುತ್ತಿತ್ತು. ಕಣ್ಣು ಮಂಜಾಗಿ, ಕೋಲೂರಿ ನಡೆಯುತ್ತಿದ್ದ ಮೆಹರುನ್ನಿಸಾ ಕೊನೆಗೆ ಮಾತಾಡಿದರು. "ಗಂಗರತ್ನನ್ನ ಆವತ್ತು ನಾವೆಲ್ಲಾ ಗೊತ್ತಿದ್ದೇ ಒಪ್ಕೊಂಡ್ವಿ. ನಮ್ಮ ಮಕ್ಳು ಬದುಕಿದ್ದು ಅದ್ರಿಂದ. ಇವತ್ತು ಅವ್ರಮ್ಮನ್ನ ಬ್ಯಾಡ ಅನ್ನಕ್ಕೆ ನಾವ್ಯಾರು? ನನ್ನ ಮಾತ್ರ ಮಣ್ಣಿಗೇ ಹಾಕಿ, ನಮ್ಮೋರಲ್ಲಿ ಹಂಗೇ ಆಗ್ಬೇಕು." ಅಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದಿದ್ದ ಮಾತು ಅದು. ಸಭೆಯಲ್ಲಿ ಯಾರೋ ಬಿಕ್ಕುವುದು ಕೇಳಿಸಿತು. ನಾನು ಹೋಗಿ ಒಲೆ ಹಚ್ಚಿದೆ.

ಒಬ್ಬ ಹೆಂಗಸಿನಿಂದ ಸಿಗುವ ಇದ್ದಿಲು ಬಹಳ ಕಡಿಮೆ. ಒಂದು ಹಲಗೆಯ ಮೂಲೆಯೂ ತುಂಬುವುದಿಲ್ಲ. ಆದರೆ ಅಂದಿನಿಂದ ಬೇರೆ ಮುದುಕಿಯರೂ, ಮುದುಕರೂ ನನ್ನ ಬಳಿ ಬಂದು, ಯಾರಿಗೂ ಕೇಳದಂತೆ, ತಮ್ಮನ್ನೂ ಅಲ್ಲಿಗೇ ಸೇರಿಸು ಎನ್ನುತ್ತಿದ್ದಾರೆ. ನಾನು ಆಗಲಿ ಎನ್ನುತ್ತೇನೆ. ಈ ಇಳಿಗಾಲದಲ್ಲಿ ನನ್ನ ಮಗಳು ಆ ಗೋಡೆಯ ಪಕ್ಕದಲ್ಲೇ ಮಲಗುತ್ತಾಳೆ. ನಾನು ಹೊದಿಸಲು ಹೋದಾಗ ಅವಳು ಗೋಡೆಗೆ ಬೆನ್ನು ತಾಗಿಸಿ ನಿದ್ದೆ ಮಾಡುತ್ತಿರುತ್ತಾಳೆ. ಗಾಳಿ ಒಳಗೆ ಹೋಗುತ್ತದೆ, ತಡೆಯುತ್ತದೆ, ಬರುತ್ತದೆ. ನಾನು ಅದರ ಜೊತೆ ಮಾತಾಡುವುದಿಲ್ಲ. ಅಮ್ಮನಷ್ಟು ಧೈರ್ಯ ನನಗಿಲ್ಲ. ಅಲ್ಲಿಂದ ಏನಾದರೂ ಕೇಳಿಸಿಬಿಟ್ಟರೆ ಏನು ಮಾಡುವುದು ಎಂದು ಭಯವಾಗುತ್ತದೆ.

ನಿಮಗೆ ಬರೆಯುತ್ತಿರುವ ಕಾರಣ ಇಷ್ಟು. ನಿಮ್ಮ ಎಂಜಲು ಮುಗಿದಿದೆ. ಗಣಿಯಲ್ಲಿ ಉಳಿದಿರುವುದು ಬಟ್ಟೆ, ಗಾಜು ಮತ್ತು ಕಲ್ಲು. ಹೊಟ್ಟಿನ ಇದ್ದಿಲು ತುಂಬಿದ ಗೋಡೆಗಳು ನಡು ಮಧ್ಯಾಹ್ನಕ್ಕೇ ಸೋಲುತ್ತವೆ. ಅನ್ನ ಚೆಲ್ಲಬೇಡಿ ಎಂದು ನಿಮಗೆ ಬುದ್ಧಿ ಹೇಳೋಣವೆಂದರೆ, ನೀವು ಚೆಲ್ಲಿದ ಅನ್ನದಿಂದ ನಾನು ಬದುಕಿದ್ದೇನೆ. ಚೆಲ್ಲಿ ಎಂದು ಕೇಳೋಣವೆಂದರೆ, ಅದನ್ನು ತರಲು ಹೋಗಿ ನಮ್ಮಕ್ಕ ಹೋದಳು. ಆದ್ದರಿಂದ ಬೇರೆ ಒಂದನ್ನು ಕೇಳುತ್ತೇನೆ. ಉಳಿದದ್ದನ್ನು ಹೂಳಬೇಡಿ. ನಿಮಗಿನ್ನೂ ಬಯಲಿನಲ್ಲಿ ನಿಂತು ಕೆಲಸ ಮಾಡುವ ಬೇಸಗೆಗಳಿವೆ. ಛತ್ರದ ಹಿತ್ತಲಲ್ಲೇ ಅದನ್ನು ಒಣಗಿಸಿ, ಮುಚ್ಚಿದ ಒಲೆಯಲ್ಲಿ ಇದ್ದಿಲು ಮಾಡಿ, ನಿಮ್ಮ ಬಿಟ್ಟುಸಿರನ್ನು ನೀವೇ ಹಿಡಿಯಿರಿ. ಹೇಗೆಂದು ಮೇಲೆ ಬರೆದಿದ್ದೇನೆ, ಕಷ್ಟದ್ದೇನಲ್ಲ. ನೀವು ಹಿಡಿದಷ್ಟು ನಮ್ಮ ಬಿಸಿಲು ತಗ್ಗುತ್ತಿತ್ತು.

ತಗ್ಗುತ್ತಿತ್ತು ಎಂದು ಬರೆದುಬಿಟ್ಟೆ. ನಿಮ್ಮ ಮಟ್ಟಿಗೆ ಅದು ಇನ್ನೂ ತಗ್ಗುತ್ತದೆ ಎಂದೇ ಇರಲಿ.

ಹೊರಗೆ ಬಿಸಿಲು ಇಳಿಯುತ್ತಿದೆ, ನಿಲ್ಲಿಸುತ್ತೇನೆ. ಮಕ್ಕಳನ್ನು ಎಬ್ಬಿಸುವ ಸರದಿ ಇವತ್ತು ನನ್ನದು. ಸಾಲಿನ ಈ ತುದಿಯಿಂದ ಶುರು ಮಾಡಿ ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆಯುತ್ತೇನೆ. ಆ ಮಗು ಓ ಎನ್ನುವ ತನಕ ಮುಂದಿನ ಹಾಸಿಗೆಗೆ ಹೋಗುವುದಿಲ್ಲ.

ಮುನಿರತ್ನ